ಮಣ್ಣಿನ ಗೋಡೆ

ಹಳ್ಳಿಯಲ್ಲಿ ಕೈಗೆ ನಾಲ್ಕು ಕಾಸು ಬಂದವನು ಮೊದಲು ಮಾಡುವ ಕೆಲಸವೆಂದರೆ ಅಜ್ಜನ ಕಾಲದ ಮಣ್ಣಿನ ಗೋಡೆಯನ್ನು ಕೆಡಹುವುದು. ಮಣ್ಣಿನ ಮನೆಯು ಬಡತನದ ಗುರುತೆಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ. ಆದರೆ ಆ ಗೋಡೆಯನ್ನು ಎಬ್ಬಿಸಿದವರ ತಿಳಿವಳಿಕೆಗೆ ಬಡತನವಿರಲಿಲ್ಲ.

ಮಲೆನಾಡಿನಲ್ಲಿ ಮಳೆಯ ಭಯ ದೂರವಾದ ಮೇಲೆಯೇ ಗೋಡೆಯ ಕೆಲಸ ಆರಂಭವಾಗುತ್ತಿತ್ತು. ಬೇರು, ಕಸಕಡ್ಡಿಗಳು ಕೂಡಿದ ಮೇಲ್ಮಣ್ಣನ್ನು ಬಿಟ್ಟು ಅದರ ಕೆಳಗಿನ ಕೆಮ್ಮಣ್ಣನ್ನು ಅಗೆದು ತೆಗೆಯುತ್ತಿದ್ದರು. ಅದರಲ್ಲಿ ಜೇಡಿಯೂ ಮರಳೂ ಹದವಾಗಿ ಬೆರೆತಿರಬೇಕು. ಜೇಡಿ ಹೆಚ್ಚಾದರೆ ಒಣಗುವಾಗ ಗೋಡೆ ಬಿರಿಯುತ್ತದೆ. ಮರಳು ಹೆಚ್ಚಾದರೆ ಉದುರುತ್ತದೆ. ಬಯಲುಸೀಮೆಯ ಎರೆಮಣ್ಣಂತೂ ನೀರು ಕುಡಿದು ಉಬ್ಬಿ, ಒಣಗಿದಾಗ ಬಾಯಿಬಿಡುವುದರಿಂದ ಅದೊಂದನ್ನೇ ನಂಬಿ ಗೋಡೆಯಿಡುವಂತಿಲ್ಲ. ಅಗೆದ ಮಣ್ಣನ್ನು ನೆನೆಹಾಕಿ, ಕೆಲವೆಡೆ ಹುಲ್ಲನ್ನೂ ಬೆರೆಸಿ, ಮನೆಮಂದಿಯೂ ನೆರೆಹೊರೆಯವರೂ ಕೂಡಿ ತುಳಿಯುತ್ತಿದ್ದರು. ತುಳಿದಷ್ಟೂ ಮಣ್ಣು ಒಂದಾಗುತ್ತದೆ. ಬಳಿಕ ಅದನ್ನು ಮುದ್ದೆಗಟ್ಟಿ, ಒಂದರ ಮೇಲೊಂದನ್ನು ಬಡಿದು ಕೂಡಿಸಿ, ಮೊಳದೆತ್ತರದ ಒಂದು ವರಸೆಯನ್ನು ಮುಗಿಸುವರು. ಅದು ಗಟ್ಟಿಯಾಗುವವರೆಗೆ ಮುಂದಿನ ವರಸೆಯಿಲ್ಲ. ಅವಸರಪಟ್ಟವನ ಗೋಡೆ ಮೇಲಿನ ಭಾರಕ್ಕೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತಿತ್ತು, ಇಲ್ಲವೆ ಬೀಳುತ್ತಿತ್ತು.

ನೀರಿಲ್ಲದೆ ಮಣ್ಣು ಗೋಡೆಯಾಗದು. ಗೋಡೆಯಾದ ಮೇಲೆ ಅದಕ್ಕೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಇದನ್ನರಿತೇ ಹಿರಿಯರು ನೆಲದಿಂದ ಮೇಲೆದ್ದ ಕಲ್ಲಿನ ತಳಪಾಯದ ಮೇಲೆ ಗೋಡೆಯಿಟ್ಟರು. ಸೂರನ್ನು ಗೋಡೆಯಿಂದಾಚೆಗೆ ಚಾಚಿಸಿದರು.

ಮಳೆ ಹೆಚ್ಚಾಗಿರುವ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿಯೂ ಜನರು ಇದೇ ದಾರಿಯನ್ನು ಹಿಡಿದರು. ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಕಟ್ಟುವ ದಪ್ಪ ಗೋಡೆಗೆ ಅಲ್ಲಿ ‘ಕಾಬ್’ ಎಂದು ಹೆಸರು. 16ನೆಯ ಶತಮಾನದಲ್ಲಿ ವಾಲ್ಟರ್ ರಾಲೀ ಹುಟ್ಟಿದ ಹೇಯ್ಸ್ ಬಾರ್ಟನ್ ಎಂಬ ಕಾಬ್ ಮನೆ ಇಂದಿಗೂ ನಿಂತಿದೆ. ಇಂಥ ಮನೆಗೆ ಒಳ್ಳೆಯ ಟೋಪಿ ಮತ್ತು ಒಳ್ಳೆಯ ಬೂಟು ಇದ್ದರೆ ಸಾಕೆಂಬುದು ಆ ಸೀಮೆಯ ಮಾತು. ಟೋಪಿಯೆಂದರೆ ಸೂರು, ಬೂಟೆಂದರೆ ಕಲ್ಲಿನ ತಳ. ಹಿಂದೆ ಈ ಗೋಡೆಗಳಿಗೆ ಸುಣ್ಣದ ಗಾರೆ ಬಳಿಯುತ್ತಿದ್ದರು. ಒಳಗೆ ಸೇರಿದ ತೇವವು ಅದರ ಮೂಲಕ ಆವಿಯಾಗಿ ಹೊರಟುಹೋಗುತ್ತಿತ್ತು. 20ನೆಯ ಶತಮಾನದಲ್ಲಿ ಗೋಡೆಗೆ ಬಲ ಬರಲೆಂದು ಹಲವರು ಸಿಮೆಂಟನ್ನು ಬಳಿದರು. ಸಿಮೆಂಟಿನ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರುವ ದಾರಿಯಿರಲಿಲ್ಲ. ಹೊರಗೆ ನುಣ್ಣಗೆ ಕಾಣುತ್ತಿದ್ದ ಗೋಡೆ ಒಳಗೊಳಗೇ ಮೆತ್ತಗಾಗಿ ಕುಸಿದ ಪ್ರಸಂಗಗಳುಂಟು.

ಹಾಗೆಂದು ಸಿಮೆಂಟಿಗೂ ಮಣ್ಣಿಗೂ ಹಗೆತನವೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವು ಆರಂಭವಾಯಿತು. ಗ್ರಾಮಗಳಿಗೆ ನೆರವಾಗುವ ವಿಜ್ಞಾನವೇ ಅದರ ಗುರಿ. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿನ ಇಟ್ಟಿಗೆಯನ್ನು ಕುರಿತು ಸಂಶೋಧನೆ ನಡೆಸಿದರು. ಜರಡಿಯಾಡಿದ ಮಣ್ಣಿಗೆ ನೂರಕ್ಕೆ 5ರಿಂದ 8 ಪಾಲಿನಷ್ಟು ಸಿಮೆಂಟನ್ನು ಬೆರೆಸಿ, ಸ್ವಲ್ಪ ನೀರು ಚಿಮುಕಿಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ ಸಿದ್ಧವಾಗುತ್ತದೆ. ಅದನ್ನು ಸುಡಬೇಕಾಗಿಲ್ಲ, ಆದುದರಿಂದ ಸೌದೆಯ ವೆಚ್ಚವಿಲ್ಲ. ಸುಮಾರು ಮೂರು ವಾರ ಹುಲ್ಲು ಮುಚ್ಚಿ ನೀರುಣಿಸಿದರೆ ಅದು ಗಟ್ಟಿಗೊಳ್ಳುತ್ತದೆ. ಮುಂದೆ ನೆನೆದರೂ ಕರಗುವುದಿಲ್ಲ. ಆದರೆ ಒಂದೂರಿನ ಹದ ಮತ್ತೊಂದೂರಿಗೆ ಸಲ್ಲದು. ಯಂತ್ರವನ್ನು ತರುವುದಕ್ಕೆ ಮೊದಲು ಆ ಊರಿನ ಮಣ್ಣಿನಲ್ಲಿ ಜೇಡಿಯೆಷ್ಟು, ಮರಳೆಷ್ಟು ಎಂಬುದನ್ನು ಹಿಂದಿನವರಂತೆಯೇ ನೋಡಿ ತಿಳಿಯಬೇಕಾಗುತ್ತದೆ.