ಮೂತ್ರ ಸಲೀಸಾಗಿದ್ದರೆ ಸಾಲದು

ಸಕ್ಕರೆ ಕಾಯಿಲೆ, ಬಿಪಿ ಇರುವವರು ‘ಮೂತ್ರ ಸರಿಯಾಗಿ ಹೋಗುತ್ತಿದೆ, ನೋವಿಲ್ಲ, ಕಿಡ್ನಿಗೇನಾಗಿದೆ?’ ಎನ್ನುವುದುಂಟು. ದೀರ್ಘಕಾಲದ ಕಿಡ್ನಿ ಕಾಯಿಲೆ ಸಾಮಾನ್ಯವಾಗಿ ನೋಯುವುದೇ ಇಲ್ಲ. ವಾಕರಿಕೆ, ತುರಿಕೆ, ಸುಸ್ತು ಕಾಣುವ ಹೊತ್ತಿಗೆ ಬಹುಪಾಲು ಶಕ್ತಿ ಕುಂದಿರುತ್ತದೆ. ‘ಕ್ರಿಯೇಟಿನಿನ್ ನಾರ್ಮಲ್ ಇದೆಯಲ್ಲ’ ಎನ್ನಬಹುದು. ಅದು ಸ್ನಾಯುಗಳಿಂದ ಬರುವ ವಸ್ತು, ಹಾಗಾಗಿ ಅಂಕಿಯೊಂದನ್ನೇ ನಂಬುವಂತಿಲ್ಲ: 1.1 ಎಂದು ಬಂದರೆ 25ರ ಗಂಡಸಿನಲ್ಲಿ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್‌ಆರ್, 90 ದಾಟುತ್ತದೆ. 70ರ ಹೆಂಗಸಿನಲ್ಲಿ 60ಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಇಜಿಎಫ್‌ಆರ್ ಜೊತೆಗೆ ಮೂತ್ರದ ಆಲ್ಬುಮಿನ್–ಕ್ರಿಯೇಟಿನಿನ್ ಅನುಪಾತವನ್ನೂ ಕೇಳಿ ಮಾಡಿಸಿ. ಸಕ್ಕರೆ ಕಾಯಿಲೆಯವರಲ್ಲಿ ಹಲವು ಬಾರಿ ಮೊದಲು ಏರುವುದು ಇದೇ (ಲ್ಯಾಬಿನ ಪ್ಯಾಕೇಜುಗಳು ಬಿಟ್ಟುಬಿಡುವುದೂ ಇದನ್ನೇ!). ಪ್ರತಿ ಗ್ರಾಂಗೆ 30 ಮಿಲಿಗ್ರಾಂ ಮೀರಿದರೆ ಗಾಬರಿ ಬೇಡ. ಜ್ವರ, ಕಠಿಣ ವ್ಯಾಯಾಮದಿಂದಲೂ ಹಾಗಾಗುತ್ತದೆ. ವೈದ್ಯರು ಮತ್ತೆ ನೋಡಿ, 3 ತಿಂಗಳಾದರೂ ಇಳಿಯದಿದ್ದರಷ್ಟೇ ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ.