ಮಂಗಳೂರಿನಲ್ಲಿ ಜಮಖಾನೆ ಮಾರುವವರಿಗೆ ಎಂಟು ಸೂತ್ರಗಳು

ಮಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ಗೃಹಪ್ರವೇಶವಾದರೆ ಹಾಲ್‌ಗೊಂದು ಕಾರ್ಪೆಟ್ ಬಂದೇ ಬರುತ್ತದೆ. ಹೆಚ್ಚಿನವು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್. ಕೈಯಿಂದ ನೇಯ್ದ ಜಮಖಾನೆ, ಕಿಲಿಮ್ (ಚಪ್ಪಟೆ ನೇಯ್ಗೆಯ ನೆಲಹಾಸು), ಕಂಬಳಿಗಳಿಗೂ ಇಲ್ಲಿ ಗಿರಾಕಿಗಳಿದ್ದಾರೆ. ಆದರೆ ಒಣ ಹವೆಯ ಜೈಪುರದ ಅಂಗಡಿಯ ಲೆಕ್ಕಾಚಾರವನ್ನು ಹಾಗೇ ಕರಾವಳಿಗೆ ತಂದರೆ ನಡೆಯದು. ಇಲ್ಲಿಯ ಹವೆಗೆ ಒಗ್ಗುವ ಮಾಲು ಇಡಬೇಕು, ಅದನ್ನು ಹೇಗೆ ನೇಯ್ದಿದ್ದಾರೆಂದು ಬಿಡಿಸಿ ಹೇಳಬೇಕು.

1. ಹತ್ತಿಯಿಂದ ಶುರು ಮಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆಯೇ ಸರಿಯಾಗಿ ಒಣಗುವುದಿಲ್ಲ. ಗಂಟು ಹಾಕಿ ನೇಯ್ದ ದಪ್ಪ ಉಣ್ಣೆಯ ರತ್ನಗಂಬಳಿ ತೇವ ಹೀರಿ ವಾಸನೆ ಹಿಡಿಯುತ್ತದೆ. ಉಣ್ಣೆಗೆ ನುಸಿಯ ಕಾಟವೂ ಇದೆ. ತೆಳ್ಳಗಿನ ಹತ್ತಿ ಜಮಖಾನೆಯನ್ನು ಹೊರಗೆ ತಂದು ಕೊಡವಬಹುದು, ತೊಳೆಯಬಹುದು, ಒಂದು ದಿನದ ಬಿಸಿಲಿಗೆ ಒಣಗಿಸಬಹುದು. ‘ಟಫ್ಟೆಡ್’ ಕಾರ್ಪೆಟ್ ಮಾತ್ರ ತರಲೇಬೇಡಿ. ಅದರ ನೂಲನ್ನು ಹಿಡಿದಿಡುವುದು ಹಿಂಬದಿಯ ಲ್ಯಾಟೆಕ್ಸ್ ಅಂಟು. ಸೆಕೆಗೆ, ತೇವಕ್ಕೆ ಆ ಅಂಟು ಹಳತಾಗಿ ಪುಡಿಪುಡಿಯಾಗಿ ಉದುರುತ್ತದೆ, ಬೈಗುಳ ಅಂಗಡಿಯವರಿಗೆ.

2. ನವಲಗುಂದಕ್ಕೆ ನೀವೇ ಹೋಗಿ ಬನ್ನಿ

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿದೆ. ಆದಿಲ್‌ಶಾಹಿ ಕಾಲದಲ್ಲಿ ಬಿಜಾಪುರದಿಂದ ಬಂದವರು ಈ ನೇಯ್ಗೆಯನ್ನು ಅಲ್ಲಿಗೆ ತಂದರೆಂಬ ಪ್ರತೀತಿ ಇದೆ. ನೇಯುವವರು ಹೆಂಗಸರು. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು, ಬಣ್ಣಬಣ್ಣದ ಹೊಕ್ಕಿನ ನೂಲನ್ನು ಬೆರಳಲ್ಲೇ ತೂರಿಸಿ, ಹಲ್ಲುಗಳಿರುವ ಪಂಜಾದಿಂದ ಟಕಟಕ ಬಡಿದು ಕೂರಿಸುತ್ತಾರೆ. ಹಾಸು, ಅಂದರೆ ಉದ್ದದ ನೂಲು, ಕಣ್ಣಿಗೇ ಬೀಳದಷ್ಟು ಒತ್ತಾದ ನೇಯ್ಗೆ ಅದು. ನವಿಲು, ಪಗಡೆಯ ಹಾಸು ಅಲ್ಲಿಯ ಹೆಸರಾಂತ ಚಿತ್ತಾರಗಳು. ನಮಾಜಿನ ಹಾಸನ್ನೂ ನೇಯುತ್ತಾರೆ. ಬಂದರು, ಉಳ್ಳಾಲದ ಬ್ಯಾರಿ ಮುಸ್ಲಿಮರ ಮನೆಗಳಿರುವ ನಮ್ಮೂರಿನಲ್ಲಿ ಅದಕ್ಕೆ ಬೇಡಿಕೆ ಹುಟ್ಟಿಸುವುದು ಕಷ್ಟವಲ್ಲ.

ಮಗಳಿಗೆ ಕಲಿಸಿದರೆ ಮದುವೆಯಾಗಿ ಹೋದ ಊರಿಗೆ ವಿದ್ಯೆಯೂ ಹೋಗುತ್ತದೆ ಎಂದು ಹಿಂದೆ ಅಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲವಂತೆ. ಈಗ ನೇಯುವ ಕೈಗಳೇ ಕಡಿಮೆ. ಆದ್ದರಿಂದ ‘ಮುಂದಿನ ವಾರ ಐವತ್ತು ಪೀಸ್ ಕಳಿಸಿ’ ಎಂದು ಫೋನಿನಲ್ಲಿ ಹೇಳುವ ವ್ಯಾಪಾರ ಇದಲ್ಲ. ಮುಂಗಡ ಕೊಡಿ, ಕಾಯಿರಿ, ವರ್ಷವಿಡೀ ಕೆಲಸ ಸಿಗುವಂತೆ ನೋಡಿಕೊಳ್ಳಿ. ಮಗ್ಗ ನಿಂತರೆ ನಿಮ್ಮ ಅಂಗಡಿಗೂ ಮಾಲಿಲ್ಲ.

3. ಹಿಂಬದಿ ತೋರಿಸಿ ಮಾರಿ

ಗಿರಾಕಿ ಕೇಳುವ ಮೊದಲೇ ಮಗುಚಿ ತೋರಿಸಿ. ಕೈನೇಯ್ಗೆಯಲ್ಲಿ ಚಿತ್ತಾರ ಹಿಂದೆಯೂ ಅಷ್ಟೇ ಸ್ಪಷ್ಟ. ಕುಚ್ಚನ್ನು ಹಿಡಿದು ನೋಡಲು ಹೇಳಿ: ಹಾಸಿನ ನೂಲೇ ತುದಿಯಲ್ಲಿ ಕುಚ್ಚಾಗಿದ್ದರೆ ಸರಿ, ಬೇರೆ ತಂದು ಹೊಲಿದಿದ್ದರೆ ಅನುಮಾನಿಸಬೇಕು. ಕಿಲಿಮನ್ನು ಬೆಳಕಿಗೆ ಹಿಡಿಯಿರಿ. ಎರಡು ಬಣ್ಣ ಲಂಬ ಗೆರೆಯಲ್ಲಿ ಸಂಧಿಸುವಲ್ಲಿ ಸಣ್ಣ ಸೀಳುಗಳು ಕಾಣುತ್ತವೆ. ಅದು ಹರಿದದ್ದಲ್ಲ, ನೇಯ್ಗೆಯ ಕ್ರಮವೇ ಹಾಗೆ ಎಂದು ಆಗಲೇ ಹೇಳಿಬಿಡಿ. ಉಣ್ಣೆಯೋ ಪಾಲಿಯೆಸ್ಟರೋ ಎಂಬ ಸಂಶಯವಿದ್ದರೆ ಕುಚ್ಚಿನ ಒಂದು ಎಳೆ ಸುಟ್ಟು ತೋರಿಸಿ. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

4. ಹೊಸ ವಿನ್ಯಾಸವೇ? ಗ್ರಾಫ್ ಹಾಳೆ ತನ್ನಿ

ಆಧುನಿಕ ವಿನ್ಯಾಸ ಬೇಕೆಂದು ಮೊಬೈಲ್‌ನಲ್ಲಿ ಕಂಡ ಬಳ್ಳಿಹೂವಿನ ಚಿತ್ರವನ್ನು ನೇಕಾರರ ಮುಂದೆ ಹಿಡಿಯಬೇಡಿ. ಬಳುಕುವ ಗೆರೆ ಗ್ರಾಫ್ ಹಾಳೆಯ ಚೌಕಗಳಿಗೆ ಇಳಿಯದು, ನೇರ ಗೆರೆಗೂ ಮಿತಿಯಿದೆ. ಕಿಲಿಮ್‌ನಲ್ಲಿ ಉದ್ದನೆಯ ಲಂಬ ಗೆರೆ ಎಂದರೆ ಉದ್ದನೆಯ ಸೀಳು, ಬಟ್ಟೆಯೇ ಸಡಿಲ. ಅದಕ್ಕೇ ಟರ್ಕಿಯಿಂದ ಇರಾನಿನವರೆಗೆ ಹಳೆಯ ಕಿಲಿಮ್‌ಗಳು ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಓರೆ ಸಾಗುವ ವಜ್ರ, ತ್ರಿಕೋನಗಳಿಂದ ತುಂಬಿವೆ. ಸೌಂದರ್ಯವೂ ಗಟ್ಟಿತನವೂ ಅಲ್ಲಿ ಒಂದೇ. ಈ ನಿಯಮದೊಳಗೇ ಹೊಸತನ್ನು ಹುಡುಕಿ. ಒಂದರ ಮೇಲೊಂದು ಕೂರುವ ಮಂಗಳೂರು ಹೆಂಚಿನ ಸಾಲು, ಮೇಲಿಂದ ಕಂಡ ಅಡಿಕೆ ತೋಟ, ಮುರಕಲ್ಲಿನ ಗೋಡೆ: ಎಲ್ಲವೂ ಚೌಕಕ್ಕೆ ಇಳಿಯುತ್ತವೆ. ಮೊದಮೊದಲು ಚಿತ್ತಾರ ಹಳೆಯದೇ ಇರಲಿ, ಬಣ್ಣ ಮಾತ್ರ ಬದಲಿಸಿ. ನವಲಗುಂದದ ಪಗಡೆಯನ್ನು ನೀಲಿ, ಬೂದು, ಬಿಳಿಯಲ್ಲಿ ನೇಯಿಸಿದರೆ ಯಾವ ಹೊಸ ಫ್ಲ್ಯಾಟಿಗೂ ಒಪ್ಪುತ್ತದೆ.

5. ಒಂದಿಷ್ಟು ಕಂಬಳಿಯೂ ಇರಲಿ

ಚಳ್ಳಕೆರೆ ಕಡೆಯ ಕುರುಬರ ಕಂಬಳಿಗೆ ಬಣ್ಣವೇ ಹಾಕುವುದಿಲ್ಲ, ಕುರಿಯ ಕಪ್ಪೇ ಅದರ ಕಪ್ಪು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಬಿಳಿ ಟೈಲ್ಸಿನ ಮೇಲೆ ಆ ಕಪ್ಪು ಎದ್ದು ಕಾಣುತ್ತದೆ. ಒರಟು ಎಂಬುದನ್ನು ಮುಚ್ಚಿಡಬೇಡಿ, ನುಸಿಯ ಎಚ್ಚರಿಕೆಯನ್ನೂ ಹೇಳಿ.

6. ಬಣ್ಣ ಬಿಡುವ ಮಾಲು ವಾಪಸ್ ಮಾಡಿ

ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ಕಪ್ಪು ಜಾಗವನ್ನು ಒತ್ತಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅಂಗಡಿಗೆ ಇಳಿಸಲೇಬೇಡಿ.

7. ನೇಯ್ದವರ ಹೆಸರು ಹೇಳಿ, ಚೌಕಾಸಿಯನ್ನು ಅವರ ಕೂಲಿಗೆ ಮುಟ್ಟಿಸಬೇಡಿ

ಮಂಗಳೂರಿಗೆ ನೇಯ್ಗೆ ಹೊಸದಲ್ಲ. 1851ರಲ್ಲಿ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ಗಾಗಿ ಬಂದ ಜಾನ್ ಹಾಲರ್ ಯುರೋಪಿನ ಮಗ್ಗಗಳ ಕಾರ್ಖಾನೆಯನ್ನು ಇಲ್ಲಿ ನಡೆಸಿದರು, ಖಾಕಿ ಬಣ್ಣದ ಕೀರ್ತಿಯನ್ನೂ ಅದಕ್ಕೆ ಕೊಡುವುದುಂಟು. ಪಕ್ಕದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘದ ಜೊತೆ ಕಾರ್ಕಳದ ಕದಿಕೆ ಟ್ರಸ್ಟ್ ಸೇರಿಕೊಂಡು, 2016ರಲ್ಲಿ ಜಿಐ ಪಡೆದ ಉಡುಪಿ ಸೀರೆಗೆ ಮತ್ತೆ ಜೀವ ತಂದಿದೆ. ನೇಕಾರರನ್ನು ಮುಂದಿಟ್ಟು ಮಾರಿದರೆ ನಮ್ಮ ಕರಾವಳಿಯ ಜನ ಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಒಪ್ಪಿಗೆ ಪಡೆದು ಪ್ರತಿ ಜಮಖಾನೆಗೂ ನೇಯ್ದವರ ಹೆಸರು, ಊರು, ಹಿಡಿದ ದಿನಗಳನ್ನು ಬರೆದ ಚೀಟಿ ಕಟ್ಟಿ. ಉತ್ತರ ಭಾರತದಿಂದ ಕಾರ್ಪೆಟ್ ತರಿಸುವುದಾದರೆ ಬಾಲಕಾರ್ಮಿಕರಿಲ್ಲವೆಂದು ಖಾತರಿಪಡಿಸುವ ಗುಡ್‌ವೀವ್ ಗುರುತು ಕೇಳಿ. 1994ರಲ್ಲಿ ರಗ್‌ಮಾರ್ಕ್ ಎಂಬ ಹೆಸರಿನಲ್ಲಿ ಶುರುವಾದದ್ದು ಅದು. ರಿಯಾಯಿತಿ ಕೊಡಲೇಬೇಕೆಂದಾದರೆ ನಿಮ್ಮ ಲಾಭದಿಂದ ಕೊಡಿ.

8. ಮಾರಿದ ಮೇಲೂ ಕೈಬಿಡಬೇಡಿ

ನಯವಾದ ಟೈಲ್ಸಿನ ಮೇಲೆ ಜಮಖಾನೆ ಜಾರುತ್ತದೆ, ಹಿರಿಯರಿರುವ ಮನೆಗೆ ಅಡಿಯಲ್ಲಿ ಹಾಕುವ ರಬ್ಬರ್ ಬಲೆಯನ್ನು ಜೊತೆಗೇ ಕೊಡಿ. ಕೆಂಪು ಮಣ್ಣಿನ ಕಲೆಯನ್ನು ಹಸಿಯಿರುವಾಗ ಉಜ್ಜಬಾರದು, ಒಣಗಿದ ಮೇಲೆ ಕೊಡವಬೇಕು ಎಂದು ತಿಳಿಸಿ. ಮೇ ಕೊನೆಯಲ್ಲಿ ಹಳೆಯ ಗಿರಾಕಿಗಳಿಗೆಲ್ಲ ಫೋನ್ ಮಾಡಿ: ಬಿಸಿಲಿಗೆ ಹಾಕಿ, ಮಡಚದೆ ಸುರುಳಿ ಸುತ್ತಿ, ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ, ನೆಲದಿಂದ ಎತ್ತರದಲ್ಲಿಡಿ. ಅಕ್ಟೋಬರ್ ಬಿಸಿಲು ಬಂದಾಗ ಇನ್ನೊಮ್ಮೆ ಫೋನ್ ಮಾಡಿ, ಬೂಷ್ಟು ಬಂದವನ್ನು ತರಿಸಿಕೊಂಡು ತೊಳೆಸಿ, ಬಿಚ್ಚಿದ ಅಂಚನ್ನು ಹೊಲಿಸಿ ಕೊಡಿ. ದೀಪಾವಳಿಗೆ ಹೊಸದು ಕೊಳ್ಳಲು ಮೊದಲು ಬರುವವರು ಇವರೇ.