ಮನೆಯೊಳಗಿನ ಮುದಿ ಬೆಕ್ಕಿಗೆ ಯಾವ ಒಣ ಆಹಾರ?

ಇಳಕಲ್ಲಿನ ಒಂದು ಮಗ್ಗದ ಮನೆಯಿಂದ ಬಂದ ಪ್ರಶ್ನೆ ಇದು. ಅವರ ಬೆಕ್ಕಿಗೆ 13 ವರ್ಷ. ಬೀದಿನಾಯಿಗಳಿಗೆ ಹೆದರಿ ಅದನ್ನು ಹೊರಗೆ ಬಿಡುವುದನ್ನು ನಿಲ್ಲಿಸಿ ಆರೇಳು ವರ್ಷವಾಯಿತು. ಮೊದಲು ಹಾಲು-ರೊಟ್ಟಿ ತಿನ್ನುತ್ತಿತ್ತು, ಈಚೆಗೆ ಅಂಗಡಿಯ ಒಣ ಕ್ಯಾಟ್ ಫುಡ್. ಈಗ ಮೈ ಇಳಿದು ಬೆನ್ನುಮೂಳೆ ಕೈಗೆ ಹತ್ತುತ್ತದೆ. ನೀರು ಮಾತ್ರ ಮೊದಲಿಗಿಂತ ಹೆಚ್ಚು ಕುಡಿಯುತ್ತದೆ. "ವಯಸ್ಸಾಯಿತು ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಸೀನಿಯರ್ ಎಂದು ಬರೆದ ಚೀಲ ತಂದರೆ ಸಾಕೇ? ಅದರಲ್ಲಿ ಹಂದಿಯದೇನಾದರೂ ಇದ್ದರೆ ಏನು ಮಾಡುವುದು?" ಎಂದು ಆ ಮನೆಯ ಸಹೋದರಿ ಕೇಳಿದ್ದಾರೆ.

ಇದು ಒಂದೇ ಮನೆಯ ಮಾತಲ್ಲ. ಬಾಗಲಕೋಟೆಯ ನವನಗರದಲ್ಲಿ ಮಹಡಿ ಮನೆಗಳಾದವು, ಬಾದಾಮಿಯಲ್ಲಿ ಮಂಗಗಳ ಹಿಂಡು, ಹುನಗುಂದದಲ್ಲಿ ಹೆದ್ದಾರಿಯ ಲಾರಿಗಳು. ಎಲ್ಲ ಕಡೆಯೂ ಬೆಕ್ಕು ಒಳಗೇ ಉಳಿಯತೊಡಗಿದೆ. ಒಳಗೆ ಉಳಿದ ಬೆಕ್ಕು ಹೆಚ್ಚು ವರ್ಷ ಬದುಕುತ್ತದೆ, ಆದ್ದರಿಂದ ಅದರ ಮುಪ್ಪನ್ನೂ ನಾವೇ ನೋಡಬೇಕಾಗುತ್ತದೆ.

ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೆ ಗುರಿಯಾದ ಹೆಣ್ಣಿನ ಹದೀಸ್ ಎಲ್ಲರಿಗೂ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದು ಇದೆ. ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಭಾಗವೊಂದಿದೆ: ಆಕೆ ತಾನೂ ಉಣಿಸಲಿಲ್ಲ, ನೆಲದ ಮೇಲಿನ ಜೀವಿಗಳನ್ನು ಹಿಡಿದು ತಿನ್ನಲು ಅದನ್ನು ಬಿಡಲೂ ಇಲ್ಲ. ಹೊರಗೆ ಅಲೆಯುವ ಬೆಕ್ಕಿಗೆ ಇಲಿ, ಹಲ್ಲಿ, ಗುಬ್ಬಿ ಸಿಗುತ್ತವೆ. ನಾವು ಹಾಕಿದ್ದರಲ್ಲಿ ಏನಾದರೂ ಕೊರತೆಯಿದ್ದರೆ ಅದು ತಾನೇ ತುಂಬಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ದಿನವೇ ಆ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬೀಳುತ್ತದೆ.

ಚೀಲಕ್ಕಿಂತ ಮೊದಲು ದವಾಖಾನೆ

ಸಹೋದರಿಯ ಬೆಕ್ಕಿನ ಲಕ್ಷಣಗಳನ್ನು ಓದಿದಾಗ ಆಹಾರದ ಮಾತು ಆಮೇಲೆ ಎನಿಸಿತು. ಮೈ ಇಳಿಯುವುದು, ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು - ಈ ಮೂರೂ ಕೂಡಿದರೆ ಮೂತ್ರಪಿಂಡದ ರೋಗ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ ಇರಬಹುದು. ಚೆನ್ನಾಗಿ ತಿಂದರೂ ಬಡಕಲಾಗುತ್ತಿದ್ದರೆ ಕೊನೆಯ ಎರಡರ ಸಂಶಯ ಹೆಚ್ಚು. ಮೂತ್ರಪಿಂಡದ ರೋಗವಂತೂ 10 ವರ್ಷ ದಾಟಿದ ಬೆಕ್ಕುಗಳಲ್ಲಿ ತೀರ ಸಾಮಾನ್ಯ. ಮೂತ್ರಪಿಂಡದ ಕೆಲಸ ಮುಕ್ಕಾಲು ಪಾಲು ನಿಲ್ಲುವವರೆಗೂ ಮೇಲೆ ಹೆಚ್ಚೇನೂ ಕಾಣದೆ ಇರಬಹುದು.

"ವಯಸ್ಸಾಯಿತು" ಎನ್ನುವುದು ರೋಗದ ಹೆಸರಲ್ಲ. ತಾಲ್ಲೂಕು ಪಶು ಆಸ್ಪತ್ರೆಗೆ ಎಮ್ಮೆ, ಆಕಳು ಹಿಡಿದುಕೊಂಡು ಹೋಗುವವರ ನಡುವೆ ಬೆಕ್ಕನ್ನು ಚೀಲದಲ್ಲಿ ಒಯ್ಯಲು ಕೆಲವರಿಗೆ ಸಂಕೋಚ. ಸಂಕೋಚಪಡುವಂಥದ್ದೇನೂ ಇಲ್ಲ. ರಕ್ತದಲ್ಲಿ ಕ್ರಿಯಾಟಿನಿನ್, ಸಕ್ಕರೆ ಮತ್ತು ಮೂತ್ರವನ್ನು ಪರೀಕ್ಷೆ ಮಾಡಿಸಲು ಕೇಳಿ. ಬಾಯಿಯನ್ನೂ ತೆರೆಸಿ ನೋಡಲು ಹೇಳಿ. ಮುದಿ ಬೆಕ್ಕು ಬಟ್ಟಲ ಮುಂದೆ ಕುಳಿತು, ಮೂಸಿ, ಎದ್ದು ಹೋದರೆ ಅದಕ್ಕೆ ಆಹಾರ ಸೇರಲಿಲ್ಲ ಎಂದೇ ನಾವು ತಿಳಿಯುತ್ತೇವೆ. ಎಷ್ಟೋ ಸಲ ನೋಯುತ್ತಿರುವುದು ಹಲ್ಲು. ಒಣ ಆಹಾರ ಹಲ್ಲನ್ನು ಶುಚಿ ಮಾಡುತ್ತದೆ ಎಂಬ ನಂಬಿಕೆಯಲ್ಲಿ ಹುರುಳು ಕಡಿಮೆ. ಎಷ್ಟೋ ಬೆಕ್ಕುಗಳು ಆ ಕಾಳುಗಳನ್ನು ಅಗಿಯದೆ ನುಂಗಿಬಿಡುತ್ತವೆ.

ಮಗ್ಗದ ಮನೆಯವರಿಗೆ ಇನ್ನೊಂದು ಮಾತು. ರೇಷ್ಮೆ, ಹತ್ತಿಯ ನೂಲಿನ ತುಂಡು ಬೆಕ್ಕಿಗೆ ಆಟಿಕೆ. ನಾಲಿಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಬಾಯಿಗೆ ಹೋದ ನೂಲನ್ನು ಉಗುಳಲು ಬೆಕ್ಕಿಗೆ ಕಷ್ಟ, ನುಂಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ ಕರುಳು ಆ ನೂಲಿನ ಮೇಲೆ ನೆರಿಗೆಯಂತೆ ಮುದುಡಿ, ಹರಿಯಲೂಬಹುದು. ಪದೇ ಪದೇ ವಾಂತಿ ಮಾಡಿ ಊಟ ಬಿಟ್ಟ ಬೆಕ್ಕಿಗೆ ಬ್ರ್ಯಾಂಡ್ ಬದಲಿಸುತ್ತ ಕೂರಬೇಡಿ. ಬಾಯಲ್ಲಾಗಲಿ ಹಿಂಬದಿಯಲ್ಲಾಗಲಿ ನೂಲಿನ ತುದಿ ಕಂಡರೆ ಎಳೆಯಲೇಬೇಡಿ. ಹಾಗೆಯೇ ವೈದ್ಯರಲ್ಲಿಗೆ ಒಯ್ಯಿರಿ.

ಚೀಲದ ಹಿಂಭಾಗ ಓದುವುದು

ಪರೀಕ್ಷೆಯಲ್ಲಿ ದೊಡ್ಡ ತೊಂದರೆ ಕಾಣಲಿಲ್ಲ ಎನ್ನಿ. ಈಗ ಅಂಗಡಿಗೆ ಹೋಗೋಣ. ಚೀಲದ ಮುಂಭಾಗದಲ್ಲಿ ಸುಂದರ ಬೆಕ್ಕು, "7+", "11+", "ಸೀನಿಯರ್", "ಇಂಡೋರ್" ಎಂಬ ಮಾತುಗಳಿರುತ್ತವೆ. ಪಶುವೈದ್ಯರ ಲೆಕ್ಕದಲ್ಲಿ 7ರಿಂದ 10 ವರ್ಷ ಪ್ರೌಢ ವಯಸ್ಸು, 10 ದಾಟಿದರೆ ಮುಪ್ಪು. ಆದರೆ ಸಾಕುಪ್ರಾಣಿಗಳ ಆಹಾರಕ್ಕೆ ಅಳತೆಗೋಲು ಹಾಕಿಕೊಡುವ ಅಮೆರಿಕದ ಸಂಸ್ಥೆ ಆಫ್ಕೋ ಮರಿಗಳಿಗೆ ಒಂದು, ಬೆಳೆದ ಬೆಕ್ಕುಗಳಿಗೆ ಒಂದು ಮಟ್ಟ ನಿಗದಿ ಮಾಡಿದೆಯೇ ಹೊರತು ಮುದಿ ಬೆಕ್ಕಿಗೆಂದು ಪ್ರತ್ಯೇಕ ಮಟ್ಟ ಮಾಡಿಲ್ಲ. ಎಂದರೆ "ಸೀನಿಯರ್" ಎಂಬ ಪದದ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರು ಕ್ಯಾಲರಿ ತಗ್ಗಿಸಿರುತ್ತಾರೆ, ಇನ್ನೊಬ್ಬರು ಹೆಚ್ಚಿಸಿರುತ್ತಾರೆ. ಆದ್ದರಿಂದ ಚೀಲವನ್ನು ತಿರುಗಿಸಿ ಹಿಂಭಾಗ ನೋಡಬೇಕು.

ಮೊದಲು "ಬೆಳೆದ ಬೆಕ್ಕಿಗೆ ಸಂಪೂರ್ಣ ಮತ್ತು ಸಮತೋಲಿತ ಆಹಾರ" ಎಂಬ ಅರ್ಥದ ಹೇಳಿಕೆ ಇದೆಯೇ ನೋಡಿ. "ಎಲ್ಲ ವಯಸ್ಸಿನ ಬೆಕ್ಕಿಗೂ" ಎಂದಿದ್ದರೆ ಅದನ್ನು ಮರಿಗಳ ಅಗತ್ಯಕ್ಕೆ ತಕ್ಕಂತೆ ಮಾಡಿರುತ್ತಾರೆ. ಅದರಲ್ಲಿ ರಂಜಕ ಹೆಚ್ಚಿರಬಹುದು. ಮುದಿ ಮೂತ್ರಪಿಂಡಕ್ಕೆ ಅದು ಬೇಡದ ಭಾರ.

ಆಮೇಲೆ ಪ್ರೋಟೀನ್. ಬೆಕ್ಕು ಮಾಂಸಾಹಾರಿಯಾಗಿಯೇ ಸೃಷ್ಟಿಯಾದ ಪ್ರಾಣಿ. ನಾಯಿಯ ಹಾಗೆ ಹೊಂದಿಕೊಳ್ಳುವುದಿಲ್ಲ. ಬೆಳೆದ ಬೆಕ್ಕಿಗೆ ಆಫ್ಕೋದ ಕನಿಷ್ಠ ಮಟ್ಟ, ನೀರಿನಂಶ ಕಳೆದು ಲೆಕ್ಕ ಹಾಕಿದರೆ, ಶೇ. 26. ವಯಸ್ಸಾದಂತೆ ಹಲವು ಬೆಕ್ಕುಗಳಿಗೆ ಪ್ರೋಟೀನ್ ಮತ್ತು ಕೊಬ್ಬನ್ನು ಅರಗಿಸಿಕೊಳ್ಳುವ ಶಕ್ತಿ ಕುಗ್ಗಿ ಸ್ನಾಯು ಕರಗುತ್ತದೆ. ಆದ್ದರಿಂದ ಆರೋಗ್ಯವಂತ ಮುದಿ ಬೆಕ್ಕಿಗೆ ಕನಿಷ್ಠಕ್ಕಿಂತ ಸಾಕಷ್ಟು ಮೇಲೆಯೇ ಇರಲಿ. ಲೆಕ್ಕ ಸುಲಭ: ಚೀಲದ ಮೇಲೆ ಪ್ರೋಟೀನ್ ಶೇ. 30, ನೀರಿನಂಶ ಶೇ. 10 ಎಂದಿದ್ದರೆ 30ನ್ನು 90ರಿಂದ ಭಾಗಿಸಿ 100ರಿಂದ ಗುಣಿಸಿ, ಶೇ. 33 ಬರುತ್ತದೆ. ಮುಪ್ಪು ಎಂದ ಕೂಡಲೇ ಪ್ರೋಟೀನ್ ಇಳಿಸಬೇಕು ಎಂಬ ಹಳೆಯ ಸಲಹೆ ಇನ್ನೂ ಕೇಳಿಬರುತ್ತದೆ. ರೋಗ ಪತ್ತೆಯಾಗದೆ ಹಾಗೆ ಮಾಡಬೇಡಿ. ಇದು ನನ್ನ ಒತ್ತಾಯದ ಮಾತು.

ಟಾರಿನ್ ಎಂಬ ಪದವನ್ನೂ ಹುಡುಕಿ. ಇದು ಮಾಂಸದಲ್ಲಿರುವ ಒಂದು ಸತ್ವ. ಬೆಕ್ಕಿನ ದೇಹ ತನಗೆ ಬೇಕಾದಷ್ಟು ಅದನ್ನು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕುಗಳ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಪಶುವೈದ್ಯ ಪಾಲ್ ಪಿಯೋನ್ ಮತ್ತು ಅವರ ಜೊತೆಗಾರರು 1987ರಲ್ಲಿ ತೋರಿಸಿಕೊಟ್ಟರು. ಕಣ್ಣಿನ ದೃಷ್ಟಿಗೂ ಅದು ಬೇಕು. ಕೇವಲ ಹಾಲು-ರೊಟ್ಟಿಯಲ್ಲಿ ಅದು ಸಾಲದು. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕಬಾರದು ಎನ್ನುವುದಕ್ಕೂ ಇದೊಂದು ಕಾರಣ.

ಹಂದಿಯ ಅಂಶದ ಪ್ರಶ್ನೆ

ಪದಾರ್ಥಗಳ ಪಟ್ಟಿಯಲ್ಲಿ "ಚಿಕನ್", "ಮೀನು", "ಟ್ಯೂನಾ" ಎಂದು ಪ್ರಾಣಿಯ ಹೆಸರು ಸ್ಪಷ್ಟವಾಗಿದ್ದರೆ ನಿಮಗೂ ನೆಮ್ಮದಿ, ಬೆಕ್ಕಿಗೂ ಒಳ್ಳೆಯದು. ಹೆಸರು ಹೇಳದ "ಮಾಂಸ ಮತ್ತು ಮೂಳೆಪುಡಿ", "ಪ್ರಾಣಿಜನ್ಯ ಕೊಬ್ಬು", "ಅನಿಮಲ್ ಡೈಜೆಸ್ಟ್", "ಜಿಲೆಟಿನ್" ಎಂಬ ಪದಗಳಿಂದ ಮೂಲ ತಿಳಿಯುವುದಿಲ್ಲ. "ಪೋರ್ಕ್", "ಪೋರ್ಸೈನ್", "ಲಾರ್ಡ್" ಎಂದರೆ ನೇರವಾಗಿ ಹಂದಿಯದು. ಒಣ ಕಾಳಿನ ಮೇಲೆ ರುಚಿಗಾಗಿ ಕೊಬ್ಬನ್ನೂ ಮಾಂಸದ ದ್ರವವನ್ನೂ ಸಿಂಪಡಿಸುತ್ತಾರೆ. ಸಂಶಯವಿದ್ದರೆ ಚೀಲದ ಮೇಲಿನ ಗ್ರಾಹಕ ಸೇವೆಯ ನಂಬರಿಗೆ ಕೇಳಿ. ಚಿಕನ್ ಮತ್ತು ಮೀನಿನ ಕ್ಯಾಟ್ ಫುಡ್ ನಮ್ಮಲ್ಲಿ ಧಾರಾಳವಾಗಿ ಸಿಗುವುದರಿಂದ ಸಂಶಯದ ಚೀಲ ತರುವ ಅಗತ್ಯವೇ ಬೀಳುವುದಿಲ್ಲ. ನಾವು ತಿನ್ನದ ವಸ್ತುವನ್ನು ಪ್ರಾಣಿಗೆ ಕೊಡಬಹುದೇ, ಕೊಳ್ಳಬಹುದೇ ಎಂಬುದರಲ್ಲಿ ವಿದ್ವಾಂಸರ ಅಭಿಪ್ರಾಯಗಳು ಬೇರೆ ಬೇರೆ. ಅದನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿಕೊಳ್ಳಿ.

ಈ ಭಯಕ್ಕೆ ಕೆಲವರು ಸಸ್ಯಾಹಾರಿ ಕ್ಯಾಟ್ ಫುಡ್ ಹುಡುಕುತ್ತಾರೆ. ಮುದಿ ಬೆಕ್ಕಿಗೆ ಅದು ಸಲ್ಲದು. ನಮ್ಮ ಎಚ್ಚರಿಕೆಯ ಬೆಲೆಯನ್ನು ಅದರ ದೇಹ ತೆರಬಾರದು.

ಬೆಕ್ಕು ಬಾಯಿ ಹಾಕಿದ ಬಟ್ಟಲಿನ ಬಗ್ಗೆಯೂ ಕೇಳಿದ್ದಾರೆ. ವುಝೂವಿಗೆಂದು ಇಟ್ಟ ನೀರಿನತ್ತ ಬೆಕ್ಕು ಬಂದಾಗ ಹ. ಅಬೂ ಕತಾದಾ(ರ) ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಸಿದರು, ಬೆಕ್ಕು ಅಶುದ್ಧವಲ್ಲ, ನಿಮ್ಮ ನಡುವೆ ಓಡಾಡಿಕೊಂಡಿರುವ ಪ್ರಾಣಿ ಎಂಬ ಪ್ರವಾದಿ(ಸ)ಯವರ ಮಾತನ್ನು ತಿಳಿಸಿದರು ಎಂದು ಅಬೂ ದಾವೂದ್ ಮತ್ತು ತಿರ್ಮಿದಿ ವರದಿ ಮಾಡಿದ್ದಾರೆ. ಬೇರೆ ನೀರು ಇರುವಾಗ ಬೆಕ್ಕು ಕುಡಿದುಳಿದ ನೀರನ್ನು ಬಳಸದಿರುವುದು ಲೇಸು ಎಂದು ಹನಫಿಗಳು ಹೇಳುತ್ತಾರೆ. ಮೂತ್ರ ಮತ್ತು ಮಲ ಮಾತ್ರ ಅಶುದ್ಧ. ಆದ್ದರಿಂದ ಮರಳಿನ ಟ್ರೇ ನಮಾಝಿನ ಜಾಗದಿಂದಲೂ ಅಡುಗೆಮನೆಯಿಂದಲೂ ದೂರವಿರಲಿ, ದಿನಕ್ಕೊಮ್ಮೆ ತಪ್ಪದೆ ತೆಗೆಯಿರಿ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಒಂದು ದಿನವಾದರೂ ಬೇಕು. ಬಸುರಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಲಿ. ಬಕ್ರೀದ್ ದಿನ ಹಸಿ ಮಾಂಸದ ಚೂರು ಹಾಕದಿರಲು ಇದೂ ಒಂದು ಕಾರಣ. ಬೇಯಿಸಿದ ಎರಡು ತುಂಡು ಹಾಕಿದರೆ ತೊಂದರೆಯಿಲ್ಲ. ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಶೇರವಾ, ಬಿರಿಯಾನಿ ಬೇಡ. ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ.

ಎಷ್ಟು, ಹೇಗೆ

4 ಕಿಲೋ ತೂಕದ, ಒಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕಿಲೋ ಕ್ಯಾಲರಿ ಸಾಕು. ಚೀಲದ ಮೇಲೆ 100 ಗ್ರಾಮಿಗೆ 370 ಎಂದಿದ್ದರೆ ಅದು 54 ಗ್ರಾಂ ಆಯಿತು. ಬಟ್ಟಲು ತುಂಬಿಸಿ ಬಿಡುವ ರೂಢಿ ಬಿಡಿ. ತಕ್ಕಡಿಯಲ್ಲಿ ಒಮ್ಮೆ ತೂಗಿ, ಅಷ್ಟು ಹಿಡಿಯುವ ಒಂದು ಲೋಟವನ್ನು ಗುರುತು ಮಾಡಿಟ್ಟುಕೊಂಡು, ಮೂರು ನಾಲ್ಕು ಸಲ ಹಂಚಿ ಹಾಕಿ. ರಮಝಾನಿನಲ್ಲಿ ಮನೆಮಂದಿಯ ಹೊತ್ತು ಬದಲಾಗುತ್ತದೆ, ಬೆಕ್ಕಿನದು ಬದಲಾಗಬೇಕಿಲ್ಲ. ಸಹರಿಗೆ ಎದ್ದಾಗ ಒಂದು ಪಾಲು ಹಾಕಿದರೆ ಹಗಲಿನ ಪಾಲು ಮರೆಯಬೇಡಿ.

ತಿಂಗಳಿಗೊಮ್ಮೆ ತೂಕ ನೋಡಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. 4 ಕಿಲೋದಿಂದ 3.6ಕ್ಕೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. 60 ಕಿಲೋದ ಮನುಷ್ಯ 6 ಕಿಲೋ ಇಳಿದಂತೆ ಅದು.

ಒಣ ಆಹಾರದ ದೊಡ್ಡ ಕೊರತೆ ನೀರು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರಿದೆ, ಕಾಳಿನಲ್ಲಿ ಶೇ. 10ರಷ್ಟು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಇದು ಆಟದ ಮಾತಲ್ಲ. ಅಗಲ ಬಾಯಿಯ ಬಟ್ಟಲುಗಳನ್ನು ಎರಡು ಮೂರು ಕಡೆ, ಊಟದ ಬಟ್ಟಲಿನಿಂದ ದೂರ ಇಡಿ. ಕೊಳವೆಬಾವಿಯ ಸವಳು ನೀರನ್ನು ನೀವೇ ಕುಡಿಯದಿದ್ದರೆ ಬೆಕ್ಕಿಗೂ ಬೇಡ. ನಿಮ್ಮ ಕುಡಿಯುವ ನೀರನ್ನೇ ಹಾಕಿ. ಹಲ್ಲು ನೋಯುವ ಬೆಕ್ಕಿಗೆ ಕಾಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಒಂದು ತಾಸಿನಲ್ಲಿ ತಿನ್ನದಿದ್ದರೆ ಚೆಲ್ಲಿಬಿಡಿ. ದಿನಕ್ಕೊಂದು ಸಲ ಪೊಟ್ಟಣದ ಹಸಿ ಆಹಾರ ಕೊಡಲು ಕೈಲಾದರೆ ಇನ್ನೂ ಒಳ್ಳೆಯದು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕರಿದರೂ ಮೂತ್ರ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ದೊಡ್ಡ ಚೀಲ ಒಡೆದು ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುವುದನ್ನು ಕೊಳ್ಳಬೇಡಿ, ಅಗ್ಗವಾದರೂ. ಗಾಳಿಗೆ ಕೊಬ್ಬು ಕಮಟುತ್ತದೆ, ಜೀವಸತ್ವ ಹೋಗುತ್ತದೆ, ತಯಾರಾದ ತಾರೀಖು ತಿಳಿಯುವುದಿಲ್ಲ. ಒಂದು ತಿಂಗಳಲ್ಲಿ ಮುಗಿಯುವಷ್ಟು ಚಿಕ್ಕ ಚೀಲ ತಂದು, ಚೀಲದ ಸಮೇತ ಮುಚ್ಚಳದ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ.

ಹೊಸ ಆಹಾರಕ್ಕೆ 7ರಿಂದ 10 ದಿನಗಳಲ್ಲಿ ಹೊರಳಿಸಿ: ಮೊದಲು ಕಾಲು ಪಾಲು ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹಸಿದರೆ ತಾನೇ ತಿನ್ನುತ್ತದೆ ಎಂದು ಹಟ ಮಾಡಬೇಡಿ. ಎರಡು ಮೂರು ದಿನ ಉಪವಾಸವಿದ್ದರೆ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗುತ್ತದೆ.

ಇಳಕಲ್ಲಿನ ಸಹೋದರಿಗೆ ಒಂದು ಮಾತು ಉಳಿದಿದೆ. ಪರೀಕ್ಷೆಯಲ್ಲಿ ಮೂತ್ರಪಿಂಡದ ರೋಗವೆಂದು ಬಂದರೆ ರಂಜಕ ತಗ್ಗಿಸಿದ ವಿಶೇಷ ಆಹಾರವನ್ನು ವೈದ್ಯರು ಬರೆದುಕೊಡುತ್ತಾರೆ. ಅದು ಸಾಮಾನ್ಯ ಚೀಲಕ್ಕಿಂತ ದುಬಾರಿ. ಹಣ ಹೊಂದದಿದ್ದರೆ ಹಾಗೆಂದು ವೈದ್ಯರಿಗೆ ಹೇಳಿ. ಊಟದ ಜೊತೆ ಬೆರೆಸುವ, ರಂಜಕವನ್ನು ಹಿಡಿದಿಡುವ ಪುಡಿಯೂ ಇದೆ. ಆ ವಿಶೇಷ ಆಹಾರವನ್ನು ಬೆಕ್ಕು ಮೂಸಿಯೂ ನೋಡದಿದ್ದರೆ, ಅದಕ್ಕೆ ಸೇರುವ ಹಳೆಯದನ್ನೇ ಬೆಚ್ಚಗೆ ನೆನೆಸಿ ಕೊಡಿ. ಖಾಲಿ ಹೊಟ್ಟೆಗಿಂತ ಅದೇ ಮೇಲು.